ಹೊಳೆಯಾಚೆಯ ಆನೆ

ನೆರಿಯ, ಬೆಳ್ತಂಗಡಿ ತಾಲೂಕು
ನವೆಂಬರ್ ೧೮, ೨೦೨೪, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀ? ನಿನ್ನ ಮೊಣಕಾಲು ನೋವು ಬೆಳುವಾಯಿಯಲ್ಲಿ ಅಕ್ಕನ ಮನೆಯ ನೀರಿಗಾದರೂ ಕಡಿಮೆಯಾಯಿತೇ? ಭವ್ಯಕ್ಕ ಎದ್ದು ಓಡಾಡುತ್ತಾಳೆಯೇ? ಮಗುವಿಗೆ ಅವಳ ಮೂಗು ಬಂದಿದ್ದರೆ ಪಾಪ, ನನ್ನದು ಬಂದಿದ್ದರೆ ಪುಣ್ಯ. ಫೋನು ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ಕೇಳುವೆ. ನಿನಗೆ ಕಿವಿ ಮಂದ. ಫೋನನ್ನು ಸ್ಪೀಕರಿಗೆ ಹಾಕಿ ಬಾಣಂತಿಯ ಮಂಚದ ಮೇಲೆ ಕುಳಿತೇ ಮಾತನಾಡುತ್ತೀ. ಬಾಣಂತಿಯ ಕಿವಿಗೆ ಹೆದರಿಕೆಯ ಸುದ್ದಿ ಬೀಳಬಾರದು ಎಂದು ಕಲಿಸಿದವಳೂ ನೀನೇ. ಭಾವನಿಗೆ ಹೇಳುವುದೂ ಒಂದೇ, ಅಕ್ಕನಿಗೆ ಹೇಳುವುದೂ ಒಂದೇ. ಹಾಗಾಗಿ ರಿಝ್ವಾನ್ ತೆಂಗಿನಕಾಯಿ ತುಂಬಿಸಿ ಮೂಡುಬಿದಿರೆ ದಾಟಿ ಬೆಳುವಾಯಿ ಕಡೆಗೆ ಹೊರಟ ಪಿಕಪ್ಪಿನಲ್ಲಿ, ಲೇಹ್ಯದ ಡಬ್ಬಿಯೊಟ್ಟಿಗೆ ಇದನ್ನು ಕಳಿಸುತ್ತಿದ್ದೇನೆ. ಸಂಜೆಯೊಳಗೆ ಸಿಗುತ್ತದೆ. ಒಬ್ಬಳೇ ಓದು.

ಆನೆಯ ಕಾಟ ನಿಂತಿಲ್ಲ. ಅಪ್ಪ ಈಗಲೂ ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ. ಅವರ ಧೈರ್ಯವೆಲ್ಲ ಊರಿನ ವಾಟ್ಸ್ಯಾಪ್ ಗುಂಪಿನದು. ಆನೆ ಹೊಳೆಯಾಚೆ ಉಂಟು ಎಂದು ಅದರಲ್ಲಿ ಬಂದರೆ ಈಚೆಯವರು ಹೊರಡುತ್ತಾರೆ, ಈಚೆ ಎಂದು ಬಂದರೆ ಆಚೆಯವರು. ಊರಿಗೆ ಬರುವುದು ಒಂದೇ ಆನೆ ಎಂದು ನಾವೆಲ್ಲ ನಂಬಿದ್ದೆವಲ್ಲ.

ಶನಿವಾರ ಗುಂಪು ನೋಡಿಕೊಳ್ಳುವ ಶಶಿರಾಜಣ್ಣ ನನ್ನ ಝೆರಾಕ್ಸ್ ಅಂಗಡಿಗೆ ಬಂದು, ಅರಣ್ಯ ಇಲಾಖೆಗೆ ಕೊಡಲಿಕ್ಕೆ ಆನೆ ಹಾಳು ಮಾಡಿದ್ದರ ಎಕ್ಸೆಲ್ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಡು ಎಂದರು. ಒಬ್ಬೊಬ್ಬರ ಮನೆಗೆ ಒಂದೊಂದು ಕಾಲಮ್, ಅದರ ಕೆಳಗೆ ಅವರವರ ತೋಟಕ್ಕೆ ಆನೆ ಬಂದ ತಾರೀಕು, ಹೊತ್ತು, ಮುರಿದ ಬಾಳೆ, ಕಿತ್ತ ಅಡಿಕೆ ಗಿಡ. ನಮ್ಮ ಊರಿನವರ ಬುದ್ಧಿ ನಿನಗೆ ಗೊತ್ತಲ್ಲ, ತನ್ನ ಬೇಲಿಯೊಳಗಿನದ್ದು ಬಿಟ್ಟು ಪಕ್ಕದವನದ್ದು ಯಾರಿಗೆ ಬೇಕು? ಅಷ್ಟು ಮನೆಗಳು ಅಡ್ಡಕ್ಕೆ ಯಾವ ಕಾಗದದಲ್ಲಿ ಹಿಡಿಯುತ್ತವೆ? ನಾನು ಎಲ್ಲವನ್ನೂ ತಿರುಗಿಸಿ, ಆನೆ ಬಂದ ಒಂದೊಂದು ಸಲಕ್ಕೆ ಒಂದೊಂದು ಸಾಲು ಮಾಡಿ, ತಾರೀಕಿನ ಪ್ರಕಾರ ಜೋಡಿಸಿದೆ. ಆಗ ಮೂರು ಕಡೆ ಒಂದೇ ತಾರೀಕು ಎರಡೆರಡು ಸಾಲಿನಲ್ಲಿ ಬಂತು. ಒಂದು ಸಾಲು ಹೊಳೆಯಾಚೆಯ ತೋಟದ್ದು, ಇನ್ನೊಂದು ಈಚೆಯದ್ದು. ಹೊತ್ತೂ ಎರಡರಲ್ಲೂ ಅದೇ ಬೆಳಗಿನ ಜಾವ.

ಯಾರೋ ತಾರೀಕು ತಪ್ಪಿ ಬರೆದಿರಬೇಕು ಎಂದುಕೊಂಡು ವಿಚಾರಿಸಲು ಹೋದೆ. ಆಚೆಯವರು ಕಂಡದ್ದು ಕೊಂಬಿನ ಆನೆ, ಘೀಳಿಟ್ಟು ಊರೆಲ್ಲ ಎಬ್ಬಿಸಿದ್ದು. ಈಚೆ, ಗುಡ್ಡದ ಬುಡದ ಪಾತುಮ್ಮ ತೋರಿಸಿದ ಹೆಜ್ಜೆ ಅದಕ್ಕಿಂತ ಸಣ್ಣದು. ಆಕೆ ಬಾಗಿಲ ಸಂದಿನಿಂದ ಕಂಡಿದ್ದಾರಂತೆ. “ಕೊಂಬು ಇರ್ಲಿಲ್ಲ ಮಗಳೇ. ಶಬ್ದವೇ ಇಲ್ಲ. ಬಾಳೆ ಮುರಿದದ್ದು ನಮ್ಮ ನಾಯಿಗೂ ಗೊತ್ತಾಗ್ಲಿಲ್ಲ,” ಎಂದರು. ಒಂದು ಆಚೆ ಗಲಾಟೆ ಮಾಡುವಾಗ ಇನ್ನೊಂದು ಈಚೆ ಸದ್ದಿಲ್ಲದೆ ಮೇಯುತ್ತದೆ ಅಮ್ಮಾ. ಅದು ಬಂದದ್ದು ಮೊದಲು ಪಾತುಮ್ಮನ ತೋಟಕ್ಕೆ, ಆಮೇಲೆ ಹನೀಫಾ ಬ್ಯಾರಿಯವರದ್ದಕ್ಕೆ, ಕಳೆದ ವಾರ ನಮ್ಮ ಪಕ್ಕದ ಮೇಲಿನ ಮನೆಗೆ.

ಶಶಿರಾಜಣ್ಣನಿಗೆ ತೋರಿಸಿದರೆ, ಹಾಗೆಲ್ಲ ಹೆದರಿಸಿದರೆ ಕೆಲಸಕ್ಕೆ ಜನ ಸಿಗಲಿಕ್ಕಿಲ್ಲ, ಗುಂಪಿನಲ್ಲಿ ಹಾಕಬೇಡ ಎಂದರು. ನಾನು ಹಾಕಿದೆ. ಅವರು ಅಳಿಸಿದರು. ಅಪ್ಪನಿಗೆ ಕಾಗದ ಹಿಡಿದು ತೋರಿಸಿದೆ. “ಕಂಪ್ಯೂಟರಿನಲ್ಲಿ ಆನೆ ಮರಿ ಹಾಕ್ತದಾ ಮಾರಾಯ್ತಿ? ಈಗ ರಬ್ಬರಿಗೆ ಒಳ್ಳೆ ಹಾಲು ಬರುವ ತಿಂಗಳು,” ಎಂದು ನಕ್ಕರು. ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಮೊದಲು ಕೋಪ ಬಂದಿತ್ತು, ಈಗ ಹೆದರಿಕೆ ಮಾತ್ರ. ಅವರು ಹೋದ ಮೇಲೆ ನಾನು ಜಗಲಿಯಲ್ಲೇ ಕುಳಿತಿರುತ್ತೇನೆ. ಮರಗಳ ನಡುವೆ ಅವರ ಲೈಟು ಕಾಣುವಷ್ಟು ಹೊತ್ತು ಉಸಿರಾಡುತ್ತೇನೆ.

ಲೇಹ್ಯವನ್ನು ಅಕ್ಕನಿಗೆ ಊಟಕ್ಕೆ ಮೊದಲು ಕೊಡು. ಮಗುವಿನ ಪಾದಕ್ಕೆ ನನ್ನದೊಂದು ಮುತ್ತು. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ
ವಿಸ್ಮಿತಾ

ತಾ.ಕ.: ರಿಝ್ವಾನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಗುಂಪಿನಲ್ಲಿ ಬಂತು: ಆನೆ ಹೊಳೆಯಾಚೆ ಉಂಟು, ಈಚೆಯವರು ನಾಳೆ ಧೈರ್ಯದಿಂದ ಕೆಲಸಕ್ಕೆ ಹೋಗಬಹುದು. ಅಪ್ಪ ಅದನ್ನು ನನಗೇ ಓದಿ ಹೇಳಿದರು. ಮೇಲಿನ ಮನೆ ದಾಟಿದರೆ ಮುಂದಿನದ್ದು ನಮ್ಮ ತೋಟ ಅಮ್ಮಾ. ಅಂಗಳಕ್ಕೆ ಹೋಗಿ ಅಪ್ಪನಿಗೆ ಫೋನ್ ಮಾಡು. ನನಗೆ ಎದೆ ನೋವು, ಇವತ್ತೇ ಬನ್ನಿ ಎಂದು ಹೇಳು. ನೀನು ಕರೆದರೆ ಬರುತ್ತಾರೆ, ಕೊನೆಯ ಬಸ್ಸು ಉಂಟು. ಹುಟ್ಟಿದಂದಿನಿಂದ ನೀನು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಇವತ್ತು ಹೇಳು.