ಒಂದೇ ಸಿಲಿಂಡರು, ಒಬ್ಬಳೇ ವೈದ್ಯೆ

ಸನ್ಮಾನ್ಯ ಆರೋಗ್ಯಾಧಿಕಾರಿಗಳೇ,

"ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಟ್ಟು ಹೋದದ್ದೇಕೆ?" ಎಂದು ಮೂರು ದಿನದೊಳಗೆ ನನ್ನಿಂದ ಸಮಜಾಯಿಷಿ ಕೇಳಿದ್ದೀರಿ. ಉತ್ತರವನ್ನು ಕಡತದಲ್ಲಿ ಹೂತಿಡುವ ಶ್ರಮ ತಮಗೆ ಬೇಡವೆಂದು ಎಲ್ಲರೆದುರಿಗೇ ಬರೆಯುತ್ತಿದ್ದೇನೆ.

ಮುಳಬಾಗಿಲು ತಾಲ್ಲೂಕಿನ ಗಡಿಯಂಚಿನ ಹದಿನೇಳು ಹಳ್ಳಿಗಳಿಗೆ ನಾನೊಬ್ಬಳೇ ವೈದ್ಯೆ. ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಆರೋಗ್ಯ ಕೇಂದ್ರದಲ್ಲಿದ್ದದ್ದು ನಾನು, ನರ್ಸ್ ಶೋಭಾರಾಣಿ ಮತ್ತು ಒಂದು ಆಕ್ಸಿಜನ್ ಸಿಲಿಂಡರು. ತಾವು ನೋಟಿಸಿನಲ್ಲಿ ಹೇಳಿರುವ ಆ ದಿನ ಬೆಳಿಗ್ಗೆ, ಅಂಗನವಾಡಿ ಸಹಾಯಕಿ ರಾಧಮ್ಮನನ್ನು ಅವರ ಮನೆಯವರು ಕರೆತಂದರು. ಆಕ್ಸಿಜನ್ ಮಟ್ಟ ಎಪ್ಪತ್ತೆರಡಕ್ಕೆ ಇಳಿದಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ "ಸಂಜೆ ಆಗುತ್ತೆ ಮೇಡಂ" ಎಂದರು. ಸಂಜೆಯವರೆಗೆ ಉಸಿರು ಹಿಡಿದಿಡಲು ಇಲಾಖೆಯಲ್ಲಿ ಯಾವುದಾದರೂ ಅರ್ಜಿ ನಮೂನೆ ಉಂಟೇ? ಸಿಲಿಂಡರನ್ನೂ ರಾಧಮ್ಮನನ್ನೂ ನನ್ನ ಕಾರಿಗೆ ಹತ್ತಿಸಿಕೊಂಡು ಕೋಲಾರಕ್ಕೆ ಹೊರಟೆ. ಎರಡು ಆಸ್ಪತ್ರೆಗಳವರು ಗೇಟಿನಲ್ಲೇ ಕೈಮುಗಿದರು. ಮೂರನೆಯದರಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಶೋಭಾರಾಣಿಯ ಫೋನು.

"ಮೇಡಂ, ಎಲ್ಲಿದ್ದೀರಾ? ಪಕ್ಕದೂರಿನ ಚನ್ನರಾಯಪ್ಪನೋರು ಬಂದವ್ರೆ, ಉಸಿರಾಡೋಕೇ ಆಗ್ತಿಲ್ಲ. ಸಿಲಿಂಡರ್ ನಿಮ್ಮತ್ರ ಇದೆ. ನಾನೇನ್ ಮಾಡ್ಲಿ?"

"ಬೋರಲು ಮಲಗ್ಸಮ್ಮ. ಬರ್ತಾ ಇದ್ದೀನಿ."

ಐವತ್ತು ಕಿಲೋಮೀಟರು. ನಾನು ತಲುಪಿದಾಗ ಚನ್ನರಾಯಪ್ಪ ವರಾಂಡದ ಬೆಂಚಿನ ಮೇಲೆ ತೀರಿಕೊಂಡಿದ್ದರು. ಅವರ ಹೆಂಡತಿ ಅಳುತ್ತಿರಲಿಲ್ಲ. "ಡಾಕ್ಟರಮ್ಮಾ, ನೀವಿದ್ದಿದ್ರೆ ಉಳ್ಕೊಂತಿದ್ರಾ?" ಎಂದು ಕೇಳಿದರು. ಹೌದೆಂದರೆ ಕೊಂದವಳು ನಾನೇ. ಇಲ್ಲವೆಂದರೆ ಅದು ಸುಳ್ಳಿರಬಹುದು.

ಮರುವಾರ ರಾಜೀನಾಮೆ ಕಳಿಸಿದೆ. "ಸಾಂಕ್ರಾಮಿಕದ ಅವಧಿಯಲ್ಲಿ ಅಂಗೀಕರಿಸಲು ಅವಕಾಶವಿಲ್ಲ" ಎಂದಿರಿ. ಈಗ ಈ ನೋಟಿಸು. ಅಂದು ನಾನು ಕುರ್ಚಿ ಬಿಟ್ಟೇಳದೆ ರಾಧಮ್ಮ ಸಾಯುವುದನ್ನು ನೋಡುತ್ತ ಕೂತಿದ್ದರೆ ಹಾಜರಾತಿ ಸರಿಯಾಗಿರುತ್ತಿತ್ತು, ಅಲ್ಲವೇ?

ರಾಧಮ್ಮ ಬದುಕಿ ಬಂದರು. ಮೊನ್ನೆ ಲಸಿಕೆಯ ಸಾಲಿನಲ್ಲಿ ನನ್ನ ಕೈಹಿಡಿದು, "ನೀನೇ ನಮ್ಮವ್ವ" ಎಂದು ಅತ್ತರು. ಅವರ ಹಿಂದೆಯೇ ಚನ್ನರಾಯಪ್ಪನವರ ಹೆಂಡತಿ ನಿಂತಿದ್ದರು. ನಾನು ಕೈ ಬಿಡಿಸಿಕೊಂಡು ಒಳಗೆ ಹೋದೆ.

ಶಿಸ್ತುಕ್ರಮ ಜರುಗಿಸಿ, ಅಡ್ಡಿಯಿಲ್ಲ. ಆದರೆ ಮುಂದಿನ ಅಲೆ ಬರುವ ಮುನ್ನ ಇನ್ನೊಬ್ಬ ವೈದ್ಯರನ್ನೂ ಒಂದು ಆಂಬುಲೆನ್ಸನ್ನೂ ಇಲ್ಲಿಗೆ ಕಳಿಸಿ. ಅದಾಗದಿದ್ದರೆ, ಇಬ್ಬರು ಬಂದಾಗ ಯಾರನ್ನು ಸಾಯಲು ಬಿಡಬೇಕೆಂದು ಸಹಿ, ಮೊಹರಿನೊಂದಿಗೆ ಲಿಖಿತ ಆದೇಶ ಕೊಡಿ. ಅದನ್ನು ಬಾಗಿಲಿಗೆ ಅಂಟಿಸುತ್ತೇನೆ. ಬರುವವರು ಓದಿಕೊಂಡೇ ಒಳಗೆ ಬರಲಿ.

ಇಂತಿ,
ಇರಲೂ ಆಗದೆ, ಹೋಗಲೂ ಆಗದೆ ಉಳಿದಿರುವ
ಡಾ. ಫರ್ಹತ್, ವೈದ್ಯಾಧಿಕಾರಿ