ಮೂವತ್ತೆಂಟನೆಯ ರೆಕಾರ್ಡಿಂಗ್

ನೆಲಮಂಗಲ
ಭಾನುವಾರ, ೧೬ ನವೆಂಬರ್ ೨೦೨೫

ಮೋನಿಯ ಅಪ್ಪನಿಗೆ,

ಕವರಿನ ಮೇಲೆ ಬೈರೇಶ್ ಅಂತ ಬರೆದೆ. ಒಳಗೆ ಹಾಗೆ ಬರೆಯಲು ಕೈ ಬರಲಿಲ್ಲ. ಮೋನಿಷಾ ಹುಟ್ಟಿದ ಮೇಲೆ ನಿಮ್ಮನ್ನು ಅವಳ ಹೆಸರು ಹಿಡಿದೇ ಕರೆದು ಅಭ್ಯಾಸ. ಅವಳು ಹೋಗಿ ಆರು ವರ್ಷವಾದರೂ ನಿಮ್ಮನ್ನು ಕರೆಯಲು ನನಗೆ ಬೇರೆ ಹೆಸರು ಸಿಕ್ಕಿಲ್ಲ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ನಿಮ್ಮ ಫ್ಯಾಕ್ಟರಿಯ ನಂದೀಶ್ ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು, ದಾಬಸ್‌ಪೇಟೆಯ ನಿಮ್ಮ ರೂಮಿನ ವಿಳಾಸ ಬರೆದುಕೊಟ್ಟರು. ಅರ್ಧ ಗಂಟೆಯ ಬಸ್ ದಾರಿ. ನೀವು ಮನೆ ಬಿಟ್ಟ ಈ ಐದು ವರ್ಷದಲ್ಲಿ ನೀವೂ ಇತ್ತ ಬರಲಿಲ್ಲ, ನಾನೂ ಅತ್ತ ಬರಲಿಲ್ಲ. ಈಗಲೂ ಒಂದು ಯಂತ್ರದ ವಿಷಯ ಕೇಳುವ ನೆಪದಲ್ಲಿ ಬರೆಯುತ್ತಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದದ್ದಕ್ಕೆ ಧೈರ್ಯ ಬರಬೇಕು.

ನೀವೇ ಬಿಡಿಭಾಗ ತಂದು ಜೋಡಿಸಿದ ಆ ಕಂಪ್ಯೂಟರ್ ಇನ್ನೂ ನಡುಮನೆಯ ಕಿಟಕಿ ಪಕ್ಕದಲ್ಲೇ ಇದೆ. ಕರೆಂಟ್ ಹೋಗಿ ಬಂದರೆ ತಾನಾಗೇ ಆನ್ ಆಗುವ ಹಾಗೆ ನೀವು ಮಾಡಿದ್ದಿರಿ. ಆನ್ ಆದ ಕೂಡಲೇ ಕೇಳಿಸುವ ಸದ್ದಿನ ಬದಲು ಮೋನಿಯ ದನಿ ಹಾಕಿಕೊಟ್ಟಿದ್ದಿರಿ. ಅವತ್ತು ಅವಳು ಮೈಕ್ ಹಿಡಿದು ಹತ್ತು ಸಲ ಹೇಳಿ ಹತ್ತು ಸಲ ನಕ್ಕಿದ್ದು ನೆನಪಿರಬೇಕು. "ಯಾರದು? ನನ್ನ ಕಂಪ್ಯೂಟರ್ ಮುಟ್ಬೇಡಿ!"

ಅದು ಈಗಲೂ ಬರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲ. ನಾನು ಅಡುಗೆಮನೆಯಲ್ಲಿ ಇರುತ್ತೇನೆ, ಫ್ಯಾನ್ ತಿರುಗಲು ಶುರುವಾಗುತ್ತದೆ, ಒಂದು ನಿಮಿಷ ಕಳೆದರೆ ನಡುಮನೆಯಿಂದ ಅವಳು ಗದರುತ್ತಾಳೆ. ಗೋಡೆಯ ಸ್ವಿಚ್ ಆರಿಸಿಬಿಟ್ಟರೆ ಮುಗಿಯಿತು. ಆರಿಸಿಲ್ಲ. ಹಾಗಂತ ನೀವು ಹೋದ ಮೇಲೆ ಬಟನ್ ಒತ್ತಿ ನಾನಾಗಿ ಒಂದು ಸಲವೂ ಆನ್ ಮಾಡಿಲ್ಲ. ನಾನು ಒತ್ತಿದರೆ ನಾನು ಕರೆದ ಹಾಗೆ. ಕರೆಂಟ್ ಬಂದು ತಾನಾಗೇ ಮಾತಾಡಿದರೆ ಅವಳೇ ಬಂದ ಹಾಗೆ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ಹೋದ ವರ್ಷ ಕೆಳಗಡೆ ಮನೆಯ ಪಾಪಕ್ಕ ಕರಿಬೇವು ಕೇಳಲು ಮೇಲೆ ಬಂದಿದ್ದರು. ಮಧ್ಯಾಹ್ನ ಮೂರು ಗಂಟೆ ಇರಬೇಕು. ಅವರು ಕಂಪ್ಯೂಟರ್ ಮೇಜಿನ ಮೇಲೆ ಕೈ ಊರಿಕೊಂಡು ನಿಂತಿದ್ದಾಗಲೇ ಕರೆಂಟ್ ಬಂತು. ಮೋನಿ "ಯಾರದು?" ಅಂದಳು. ಪಾಪಕ್ಕ ಕೈ ಕಿತ್ತುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನೀರು ಕುಡಿಸಿದೆ. ಬೈಯುತ್ತಾರೇನೋ ಅಂದುಕೊಂಡರೆ ನನ್ನ ಕೈ ಹಿಡಿದುಕೊಂಡು, "ಮಗೀನ ಹಿಂಗೆ ಕಟ್ಟಾಕ್ಕಂಡು ಎಷ್ಟು ದಿನ ಇಕ್ಕಂತೀಯವ್ವಾ? ಅದೂ ಎಲ್ಲಾದ್ರೂ ಹೋಗ್ಬೇಕಲ್ವಾ?" ಅಂದರು. ಆಮೇಲೆ ಅವರು ಮೇಲೆ ಬಂದಿಲ್ಲ. ಏನಾದರೂ ಬೇಕಾದರೆ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಾರೆ.

ಈ ದಸರಾ ಕಳೆದ ಮೇಲೆ ದನಿ ತೊದಲಲು ಶುರುವಾಯಿತು. "ಯಾರದು? ನನ್ನ ಕಂ... ಕಂ..." ಅನ್ನುವುದು, ಒಳಗೆ ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಸದ್ದು. ಅವಳಿಗೆ ಉಸಿರು ಸಿಗದೆ ಇದ್ದ ಆ ಕೊನೆಯ ದಿನ ಮತ್ತೆ ಕಣ್ಣಿಗೆ ಕಟ್ಟಿತು. ದೀಪಾವಳಿ ಆದ ಮೂರನೆಯ ದಿನ ಕರೆಂಟ್ ಬಂತು, ಫ್ಯಾನ್ ತಿರುಗಿತು, ನಾನು ಒಲೆ ಆರಿಸಿ ಕಾದೆ. ಏನೂ ಬರಲಿಲ್ಲ. ಹೋಗಿ ನೋಡಿದರೆ ಕಪ್ಪು ಪರದೆ, ಮೇಲೆ ಬಿಳಿ ಅಕ್ಷರದ ಎರಡು ಸಾಲು. ಕಂಪ್ಯೂಟರಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಆಸ್ಪತ್ರೆಗೂ ಅವಳನ್ನು ಹಾಗೇ ಕರೆದೊಯ್ದಿದ್ದೆ.

ಬಸ್ ಸ್ಟ್ಯಾಂಡ್ ಹಿಂದೆ ಫರ್ಹಾನ್ ಅಂತ ಒಬ್ಬರು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾರೆ. ನಮ್ಮ ಗೋಡೌನಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರೂ ಅವರೇ. ಕಿವಿ ಇಟ್ಟು ಕೇಳಿ, "ಅಕ್ಕ, ಹಾರ್ಡ್ ಡಿಸ್ಕ್ ಹೋಗ್ತಾ ಇದೆ. ಇನ್ನೊಂದು ಸಲ ಆನ್ ಮಾಡಬೇಡಿ. ಒಳಗಿರೋದನ್ನ ಮೆಲ್ಲಗೆ ಎತ್ತಿ ನೋಡ್ತೀನಿ. ಆದ್ರೆ ಎತ್ತಿದ ಮೇಲೆ ಎಲ್ಲಿ ಇಡ್ತೀರ, ಅದನ್ನ ಯೋಚನೆ ಮಾಡಿ" ಅಂದರು.

ಮಗಳ ದನಿ ಇದೆ, ಅಷ್ಟೇ ಹೇಳಿದೆ. ಮೂವತ್ತೇಳು ರೆಕಾರ್ಡಿಂಗ್. ಅಷ್ಟಕ್ಕೆ ಒಂದು ಪೆನ್‌ಡ್ರೈವ್ ಸಾಕು ಅಂದರು. ಬೆರಳುದ್ದದ ವಸ್ತುವಿನಲ್ಲಿ ಅವಳನ್ನು ಇಡಲು ನನಗೆ ಮನಸ್ಸಾಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಇಡಬಹುದು ಅಂದರು, ಅದೂ ಬೇಡ ಅಂದೆ, ಯಾವ ಊರಿನ ಯಾವ ಕಟ್ಟಡದಲ್ಲಿ ಇರುತ್ತಾಳೋ. ಆಗ ಷೆಲ್ಫಿನಿಂದ ಒಂದು ಕಪ್ಪು ಪೆಟ್ಟಿಗೆ ಇಳಿಸಿದರು. ಚಪಾತಿ ಡಬ್ಬಿಯಷ್ಟು ಗಾತ್ರ. "ನ್ಯಾಸ್ ಅಂತಾರಕ್ಕ. ವೈಫೈ ಬಾಕ್ಸಿಗೆ ಸೇರಿಸಿ ಮೂಲೇಲಿ ಇಟ್ಬಿಡಿ. ಮನೆಯ ಕಂಪ್ಯೂಟರು, ಫೋನು ಎಲ್ಲದರ ಕಾಪಿಯನ್ನೂ ತಾನೇ ತಗೊಳ್ತಾ ಇರುತ್ತೆ."

ಒಂದು ಡಿಸ್ಕಿನದು, ಎರಡು ಡಿಸ್ಕಿನದು ಅಂತ ಎರಡು ಬಗೆ ಇತ್ತು. ಎರಡರದ್ದೇ ಕೊಡಿ, ಒಂದು ಹೋದರೆ ಇನ್ನೊಂದು ಇರುತ್ತಲ್ಲ ಅಂದೆ. ಅದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಡಿಸ್ಕ್ ಸತ್ತರೆ ಉಳಿಯುತ್ತೆ ಅಕ್ಕ. ಮನುಷ್ಯರು ಅಳಿಸಿದ್ರೆ ಉಳಿಯಲ್ಲ. ಎರಡೂ ಒಂದೇ ಥರ ಇರ್ಬೇಕು ಅಂತ ತಾನೇ ಇಟ್ಟಿರೋದು? ಇದರಲ್ಲಿ ಅಳಿಸಿದ ಕ್ಷಣ ಅದರಲ್ಲೂ ಹೋಗುತ್ತೆ."

ನನ್ನ ಮುಖ ನೋಡಿ ಗಾಬರಿಯಾಗಿ ಸ್ಟೂಲ್ ಎಳೆದುಕೊಟ್ಟರು. ಆಮೇಲೆ ಇನ್ನೊಂದು ಮಾಡೆಲ್ ತೋರಿಸಿದರು. ಅದು ದಿನಕ್ಕೊಂದು ಗುರುತು ಇಟ್ಟುಕೊಳ್ಳುತ್ತದಂತೆ. ಇವತ್ತು ನಾನು ಏನನ್ನಾದರೂ ಅಳಿಸಿದರೂ ನಿನ್ನೆಯ ಗುರುತಿಗೆ ಹೋಗಿ ತೆಗೆದುಕೊಳ್ಳಬಹುದಂತೆ. ಅದನ್ನೇ ಆರಿಸಿದೆ. ಕರೆಂಟ್ ಹೋಗಿ ಬಂದರೆ ಇದು ತಾನಾಗೇ ಆನ್ ಆಗುತ್ತಾ ಅಂತಲೂ ಕೇಳಿದೆ. ಆಗುತ್ತೆ ಅಂದರು, ಯಾಕೆ ಕೇಳಿದೆ ಅಂತ ಅವರಿಗೆ ಗೊತ್ತಾಗಲಿಲ್ಲ.

ಕೊನೆಗೆ, "ಇಷ್ಟಾದ್ರೂ ಒಂದೇ ಮನೇಲಿ ಎಲ್ಲಾ ಇಡಬಾರದಕ್ಕ. ಬೆಂಕಿ, ಕಳ್ಳತನ, ಏನು ಬೇಕಾದ್ರೂ ಆಗ್ಬಹುದು. ಸಣ್ಣದು ಇನ್ನೊಂದು ಬಾಕ್ಸ್ ಬೇರೆ ಮನೇಲಿ ಇರ್ಲಿ. ಮಗಳ ದನಿಯನ್ನ ನಿಮ್ಮಷ್ಟೇ ಜೋಪಾನ ಮಾಡೋರು ಯಾರಿದ್ದಾರೆ?" ಅಂದರು. ಆ ಸಣ್ಣದನ್ನೂ ಕೊಡಿ ಅಂದೆ. ನೀವಲ್ಲದೆ ಇನ್ನಾರು? ನಿಮ್ಮ ರೂಮಿನಲ್ಲಿ ಒಂದು ಪ್ಲಗ್ ಪಾಯಿಂಟ್ ಬಿಡುವಿದೆಯಾ? ನಾನು ಕೇಳಬೇಕಾಗಿದ್ದು ಇಷ್ಟೇ.

ಕೇಳಬೇಕಾಗಿದ್ದು ಮುಗಿಯಿತು. ಹೇಳಬೇಕಾಗಿದ್ದು ಉಳಿದಿದೆ.

ಮೋನಿಯ ತಿಥಿ ಮುಗಿದ ಮೇಲೆ ನೀವು ದಿನಕ್ಕೆ ಒಂದರಂತೆ, ಅವಳು ವಾರ್ತೆ ಓದುವ ಆಟ ಆಡಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ 'ಮೋನಿ ರೇಡಿಯೋ' ಕೇಳುತ್ತಿದ್ದಿರಿ. ಒಟ್ಟು ಮೂವತ್ತೆಂಟು ಇದ್ದವು. ಕೊನೆಯದರ ಮುಂದೆ ಅಕ್ಟೋಬರ್ ಹದಿನೆಂಟು, ಶುಕ್ರವಾರದ ತಾರೀಖು. ಆಸ್ಪತ್ರೆಗೆ ಸೇರಿಸಿದ ಹಿಂದಿನ ದಿನ. ಅದನ್ನು ಕೊನೆಗೇ ಕೇಳೋಣ ಅಂದಿರಿ. ನೀವು ಇಪ್ಪತ್ತನೆಯದಕ್ಕೋ ಇಪ್ಪತ್ತೊಂದನೆಯದಕ್ಕೋ ಬಂದಿದ್ದಿರಿ. ನೀವು ಶಿಫ್ಟಿಗೆ ಹೋದ ಒಂದು ಮಧ್ಯಾಹ್ನ ನಾನು ಒಬ್ಬಳೇ ಕೂತು ಮೂವತ್ತೆಂಟನೆಯದನ್ನು ಹಾಕಿದೆ.

"ಇದು ಮೋನಿ ರೇಡಿಯೋ. ಇವತ್ತಿನ ಮುಖ್ಯ ವಾರ್ತೆ. ಮೋನಿಗೆ ಹೊಟ್ಟೆ ನೋವು, ಕಣ್ಣಿನ ಹಿಂದೆ ನೋವು. ಅಮ್ಮನಿಗೆ ತಿಳಿಸಲಾಗಿದೆ. ಅಮ್ಮ ಆಫೀಸ್ ಕೆಲಸದಲ್ಲಿದ್ದಾರೆ." ಆಮೇಲೆ ದೂರದಿಂದ, "ಅಮ್ಮಾ, ತುಂಬಾ ನೋಯ್ತಿದೆ." ಆಮೇಲೆ ನನ್ನ ದನಿ. "ಹೋಮ್‌ವರ್ಕ್ ಅಂದ್ರೆ ಸಾಕು ನಿಂಗೆ ಎಲ್ಲಾ ನೋಯುತ್ತೆ. ನಾಟಕ ಆಡ್ಬೇಡ, ಹೋಗು. ಇನ್ನೊಂದ್ಸಲ ಕರೆದ್ರೆ ಏಟು ಬೀಳುತ್ತೆ."

ಮನೆಗೆ ತಂದುಕೊಂಡಿದ್ದ ಗೋಡೌನಿನ ಸ್ಟಾಕ್ ಪಟ್ಟಿ ಅವತ್ತು ಸಂಜೆಯೊಳಗೆ ಕಳಿಸಬೇಕಿತ್ತು. ಶನಿವಾರ ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡೆಂಗ್ಯೂ. ಒಂದು ದಿನ ಮುಂಚೆ ಕರೆತಂದಿದ್ದರೆ ಅಂತ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರಲ್ಲ, ಆ ಮಾತು ನಿಮಗೂ ಕೇಳಿಸಿತ್ತು. ಮಂಗಳವಾರ ಮುಗಿದುಹೋಯಿತು. ಶುಕ್ರವಾರ ಅವಳಿಗೆ ಏನೂ ಇರಲಿಲ್ಲ, ಆಟ ಆಡಿಕೊಂಡಿದ್ದಳು ಅಂತ ನಾನು ನಿಮಗೂ ಡಾಕ್ಟರಿಗೂ ಹೇಳಿದ್ದೆ.

ನನ್ನ ದನಿ ಬಂದ ಕೂಡಲೇ ನಿಲ್ಲಿಸಿದೆ. ಅಳಿಸಿದೆ. ಕಸದ ಬುಟ್ಟಿಯಿಂದಲೂ ತೆಗೆದೆ. ಮೂವತ್ತೆಂಟು ಮೂವತ್ತೇಳಾಯಿತು.

ಅದಾದ ಮೇಲಿನ ಭಾನುವಾರ ನೀವು ಕಂಪ್ಯೂಟರ್ ನಿಧಾನವಾಗಿದೆ ಅಂತ ಅದೇನೋ ಸಾಫ್ಟ್‌ವೇರ್ ಹಾಕಿ ಕ್ಲೀನ್ ಮಾಡಿದ್ದಿರಿ. ಕೊನೆಯದು ಕಾಣದೆ ಹೋದಾಗ ನಿಮ್ಮ ಮುಖ ಬಿಳಿಚಿಕೊಂಡಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. "ನಾನೇ ಅಳಿಸ್ಬಿಟ್ನಾ, ಚಂದೂ?" ಅಂದಿರಿ. ಅಲ್ಲ ಅನ್ನಬಹುದಿತ್ತು. "ಮಗು ಹೋಗಿದ್ದು ಸಾಲ್ದು ಅಂತ ಅದರ ದನೀನೂ ಕಳೆದ್ಬಿಟ್ರಲ್ಲ" ಅಂದೆ. ಅಂಗಡಿಗೆ ಕೊಟ್ಟು ಹುಡುಕಿಸುತ್ತೇನೆ ಅಂದಿರಿ. ಬೇರೆಯವರು ಮುಟ್ಟುವುದು ಬೇಡ ಅಂದೆ. ನೀವು ಆಮೇಲೆ ಆ ಮೇಜಿನ ಮುಂದೆ ಕೂರಲಿಲ್ಲ, ಊಟಕ್ಕೆ ಕೂತರೂ ತಟ್ಟೆ ನೋಡುತ್ತಿರಲಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಬಸ್ಸಿಲ್ಲ, ಫ್ಯಾಕ್ಟರಿ ಹತ್ತಿರವೇ ರೂಮ್ ಮಾಡುತ್ತೇನೆ ಅಂತ ಎರಡು ಬ್ಯಾಗ್ ತೆಗೆದುಕೊಂಡು ಹೋದಿರಿ. ನಾನು ಮೆಟ್ಟಿಲಿನವರೆಗೂ ಬರಲಿಲ್ಲ.

ಕಳೆದ ಸೋಮವಾರ ಫರ್ಹಾನ್ ಫೋನ್ ಮಾಡಿದರು. "ಅಕ್ಕ, ಮೂವತ್ತೇಳು ಅಂದಿದ್ರಿ. ನನಗೆ ಮೂವತ್ತೆಂಟು ಸಿಕ್ಕಿದೆ. ಒಂದನ್ನ ಯಾರೋ ಅಳಿಸಿದ್ರು. ಆಮೇಲೆ ಈ ಕಂಪ್ಯೂಟರ್‌ನಲ್ಲಿ ಹೊಸದೇನೂ ತುಂಬಿಲ್ಲ ಅನ್ಸುತ್ತೆ, ಅದಕ್ಕೇ ಉಳ್ಕೊಂಡಿದೆ. ನಾನು ಕೇಳಿಲ್ಲ. ಇಡ್ಲಾ, ಬಿಡ್ಲಾ?"

ಗೋಡೌನಿನಲ್ಲಿದ್ದೆ, ಕೈಯಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಗನ್ ಇತ್ತು, ಎದುರಿಗೆ ಲಾರಿ ನಿಂತಿತ್ತು. ಬಿಡಿ ಅನ್ನಬಹುದಿತ್ತು. ಇನ್ನೊಂದು ಸಲ ಅಳಿಸುವುದು ಅಷ್ಟೇ ಸುಲಭವಿತ್ತು. "ಇಡಪ್ಪ" ಅಂದೆ.

ಹೊಸ ಡಿಸ್ಕ್ ಹಾಕಿಸಿ ಕಂಪ್ಯೂಟರ್ ಮನೆಗೆ ತಂದಿದ್ದೇನೆ. ಆ ಕಪ್ಪು ಪೆಟ್ಟಿಗೆ ಪಕ್ಕದಲ್ಲಿ ಕೂತಿದೆ, ಹಸಿರು ದೀಪ ಮಿಟುಕಿಸುತ್ತಿದೆ. ಮೊನ್ನೆ ಗುರುವಾರ ಕರೆಂಟ್ ಬಂದಾಗ ಮೋನಿ ಒಂದಿಷ್ಟೂ ತೊದಲದೆ ಗದರಿದಳು. ಆಗ ನನಗೆ ಖುಷಿ ಆಗಲಿಲ್ಲ, ಭಯವಾಯಿತು. ಇಷ್ಟು ವರ್ಷ ಮುಟ್ಟಬೇಡಿ ಅಂತ ಅವಳು ನನಗೇ ಹೇಳುತ್ತಿದ್ದಳೇನೋ ಅನ್ನಿಸಿತು.

ನೀವು ಅವಳ ದನಿ ಕಳೆಯಲಿಲ್ಲ. ನಿಮ್ಮ ಕೈಯಿಂದ ಏನೂ ಹೋಗಿಲ್ಲ. ಅಳಿಸಿದವಳು ನಾನು. ಆರು ವರ್ಷ ಒಬ್ಬರೇ ಹೊತ್ತಿದ್ದೀರಿ, ಇಳಿಸಿಬಿಡಿ. ಕ್ಷಮಿಸಿ ಅಂತ ಕೇಳುವ ಯೋಗ್ಯತೆ ಇಲ್ಲ, ಕೇಳುವುದಿಲ್ಲ. ಆ ಸಣ್ಣ ಪೆಟ್ಟಿಗೆ ಇಟ್ಟುಕೊಳ್ಳುತ್ತೀರಾ ಅಂತ ಮಾತ್ರ ಕೇಳುತ್ತೇನೆ.

ಮೋನಿಯ ಅಮ್ಮ,
ಚಂದನ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ನಿನ್ನೆ ಅದನ್ನು ಮೊದಲ ಸಲ ಕೊನೆಯವರೆಗೂ ಕೇಳಿದೆ. ನನ್ನ ದನಿಯ ನಂತರ ಇನ್ನೂ ಆರು ನಿಮಿಷ ಇದೆ. ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ ಅವಳು ನನ್ನ ಫೋನಿನಿಂದ, ನನಗೆ ಕೇಳಿಸದ ಹಾಗೆ ಸ್ಪೀಕರ್ ಸಣ್ಣಗೆ ಇಟ್ಟುಕೊಂಡು, ನಿಮಗೆ ಫೋನ್ ಮಾಡಿದ್ದಾಳೆ. ಹಿಂದೆ ಮಷೀನಿನ ಗದ್ದಲ. "ಅಮ್ಮಂಗೆ ಹೇಳು ಪುಟ್ಟ. ನಾನು ಶಿಫ್ಟಲ್ಲಿದೀನಿ, ಸುಮ್ನೆ ಮಲಕ್ಕೋ, ಬೆಳಗ್ಗೆ ಸರಿಹೋಗುತ್ತೆ" ಅನ್ನುತ್ತೀರಿ. ಅವಳು "ಸರಿ ಅಪ್ಪ" ಅನ್ನುತ್ತಾಳೆ. ಈ ಫೋನಿನ ವಿಷಯ ನೀವು ನನಗೆ ಯಾವತ್ತೂ ಹೇಳಲಿಲ್ಲ. ನನ್ನ ಹತ್ತಿರ ಹೇಳಿಕೊಳ್ಳುವ ಹಾಗೆ ನಾನೂ ಇರಲಿಲ್ಲ. ನೀವು ಒಬ್ಬರೇ ಇದನ್ನು ಕೇಳಬಾರದು ಅಂತ ಸಣ್ಣ ಪೆಟ್ಟಿಗೆಯನ್ನು ಕೊರಿಯರ್ ಮಾಡುತ್ತಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಹನ್ನೊಂದರ ಬಸ್ಸಿಗೆ ನಾನೇ ತರುತ್ತೇನೆ. ನೋಡಲು ಮನಸ್ಸಿಲ್ಲದಿದ್ದರೆ ಬಾಗಿಲು ತೆಗೆಯಬೇಡಿ. ಹೊರಗೆ ಸ್ವಲ್ಪ ಹೊತ್ತು ಕೂತಿದ್ದು ವಾಪಸ್ ಬರುತ್ತೇನೆ.