ಮಾಲೀಕರೇ ಬರೆಸಿದ ಎಂಟು ಪ್ರಶ್ನೆಗಳು

ಸೂರತ್, ನವೆಂಬರ್ 18, ಮಂಗಳವಾರ

ಆ ಹಾಳೆ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ನೋಡಿದರೆ ಮೈ ಉರಿಯುತ್ತದೆ.

ಊರಾಚೆಯ ಸಚಿನ್ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಇವತ್ತು ಮಾಲೀಕ ಧನಸುಖ್‌ಭಾಯಿಯ ಸಂದರ್ಶನ ಇತ್ತು. ಮೊದಲು ಚೀನಾದ ಬಿಸಿನೆಸ್ ಚಾನೆಲ್‌ನ ಲಿನ್ ಯುವೆನ್, ಆಮೇಲೆ ನಮ್ಮ ಚಾನೆಲ್‌ಗಾಗಿ ನಾನು. ಲಿನ್ ಇಪ್ಪತ್ತೆರಡು ವರ್ಷದಿಂದ ತಮ್ಮ ದೇಶದಲ್ಲಿ ಮನೆಮಾತಾದವರು. ಎಂದಿನಂತೆ ಮಾಲೀಕರ ಕಡೆಯವರು ತಾವೇ ಬರೆದ ಎಂಟು ಪ್ರಶ್ನೆಗಳ ಹಾಳೆಯನ್ನು ಇಬ್ಬರಿಗೂ ಕೊಟ್ಟರು. ಲಿನ್ ಅದನ್ನು ಮಡಿಚಿ ಚಹಾದ ಕಪ್ಪಿನ ಕೆಳಗಿಟ್ಟರು. "ಮಾರ್ಚ್‌ನಲ್ಲಿ ಬೆಂಕಿ ಬಿದ್ದಾಗ ಒಳಗೆ ಎಷ್ಟು ಜನ ಇದ್ದರು?" ಎಂದು ಕೇಳಿದರು. ಧನಸುಖ್‌ಭಾಯಿ ಮೈಕ್ ಕಿತ್ತಿಟ್ಟು ಎದ್ದುಹೋದರು.

ಸುದ್ದಿ ಮುಟ್ಟಿದ್ದೇ ತಡ, ನಮ್ಮ ಬ್ಯೂರೋ ಚೀಫ್ ವಾಮನ ಸರ್ ಅಹಮದಾಬಾದಿನಿಂದ ಫೋನ್ ಮಾಡಿದರು. "ನಿಶ್ಚಿತಾ, ನೀನಾದ್ರೂ ಹಾಳೇಲಿ ಇರೋದನ್ನೇ ಕೇಳಮ್ಮ. ಸಂಜೆ ಪ್ರೋಗ್ರಾಂಗೆ ಬೇರೆ ಏನೂ ಇಲ್ಲ."

ಕೇಳಿದೆ. ಧನಸುಖ್‌ಭಾಯಿ ಮತ್ತೆ ಬಂದು ಕೂತರು, ಎಂಟನ್ನೂ ನಗುನಗುತ್ತಾ ಕೇಳಿದೆ. ಥೂ! "ಬಹು ಸರಸ್ ಸವಾಲ್, ಬೆನ್", ತುಂಬಾ ಒಳ್ಳೆಯ ಪ್ರಶ್ನೆ ತಂಗಿ, ಎಂದು ಗುಜರಾತಿಯಲ್ಲಿ ಹೊಗಳಿದ ಆ ಮನುಷ್ಯ, ತಾನೇ ಬರೆಸಿದ ಪ್ರಶ್ನೆಗಳನ್ನು!

ಗೇಟಿನ ಹತ್ತಿರ ಲಿನ್ ಕಾರಿಗೆ ಕಾಯುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಇಂಥ ಪ್ರಶ್ನೆ ಕೇಳಿದ್ದಕ್ಕೆ ನನ್ನ ಕಾರ್ಯಕ್ರಮವನ್ನು ಮೂರು ಸಲ ನಿಲ್ಲಿಸಿದ್ದಾರೆ. ನಿಮ್ಮದನ್ನು?" ಎಂದಷ್ಟೇ ಕೇಳಿದರು.

'ಆರು ವರ್ಷ, ಒಂದು ವಾರವೂ ನಿಲ್ಲದ ಕಾರ್ಯಕ್ರಮ.' ರೆಸ್ಯೂಮೆಯ ಮೊದಲ ಸಾಲಿನಲ್ಲಿ ಹಾಗೆಂದು ಹೆಮ್ಮೆಯಿಂದ ಬರೆದುಕೊಂಡವಳು ನಾನೇ.